ನಿಂತರೆ ತುಕ್ಕು, ಓಡಿದರೆ ಯೆಜ್ಡಿ

ಹಳೆಯ ಜಾವಾವನ್ನೋ ಯೆಜ್ಡಿಯನ್ನೋ ಇಂದಿನ ಹುಡುಗರ ಕೈಗೆ ಕೊಟ್ಟು ‘ಸ್ಟಾರ್ಟ್ ಮಾಡಪ್ಪಾ’ ಎಂದರೆ, ಕಿಕ್ಕರ್ ಎಲ್ಲಿದೆ ಎಂದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾರೆ. ಅದು ಎಡಗಾಲಿನ ಪಕ್ಕದಲ್ಲೇ ಇರುತ್ತದೆ. ಗೇರ್ ಲಿವರನ್ನು ಎಂಜಿನ್ ಕಡೆಗೆ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಒದ್ದು ಸ್ಟಾರ್ಟ್ ಆದ ಮೇಲೆ ಕೆಳಗಿಳಿಸಿದರೆ ಮತ್ತೆ ಗೇರ್ ಲಿವರ್. ಕ್ಲಚ್ ಹಿಡಿಯದೆಯೂ ಗೇರ್ ಬದಲಿಸುವ ಏರ್ಪಾಡು ಇದರೊಳಗಿದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಬೇರೆ. ಇದು ನಮ್ಮ ಮೈಸೂರಿನಲ್ಲೇ ತಯಾರಾದ ಗಾಡಿ.

ಜಾವಾ ಹುಟ್ಟಿದ್ದು 1929ರಲ್ಲಿ, ಪ್ರಾಗ್ ನಗರದಲ್ಲಿ. 1950ರ ದಶಕದಲ್ಲಿ ಭಾರತ ಸರ್ಕಾರ ಮೋಟಾರ್ ಸೈಕಲ್ ಆಮದಿಗೆ ತಡೆಯೊಡ್ಡಿದಾಗ, ಅದುವರೆಗೆ ಜಾವಾ ತರಿಸಿ ಮಾರುತ್ತಿದ್ದ ಮುಂಬೈಯ ಪಾರ್ಸಿ ಕುಟುಂಬದ ರುಸ್ತುಂ ಇರಾನಿ ಇಲ್ಲೇ ತಯಾರಿಸಲು ಹೊರಟರು. ಐಡಿಯಲ್ ಜಾವಾ ಕಂಪನಿಯ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ ತಲೆಯೆತ್ತಿತು. ಆಗಿನ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅದನ್ನು ಉದ್ಘಾಟಿಸಿದರು. 1961ರಲ್ಲಿ ಉತ್ಪಾದನೆ ಶುರುವಾಯಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು. ಹೆಚ್ಚು ಮೈಲೇಜು ಕೊಡುವ ಹಗುರವಾದ ಗಾಡಿಗಳ ಪೈಪೋಟಿ, ಬಿಗಿಯಾಗುತ್ತಾ ಹೋದ ಹೊಗೆಯ ನಿಯಮಗಳ ನಡುವೆ 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು.

ಬೀಗ ಬಿದ್ದು ಮೂರು ದಶಕ ಕಳೆಯುತ್ತಾ ಬಂದರೂ ಗಾಡಿಗಳು ನಿಂತಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರವನ್ನು ಜಾವಾ ದಿನವೆಂದು ಆಚರಿಸುವ ರೂಢಿಯೂ ಬೆಳೆದಿದೆ. ಅಂದು ಬೆಂಗಳೂರು, ಮೈಸೂರುಗಳಲ್ಲಿ ಸಾಲುಗಟ್ಟುವ ಗಾಡಿಗಳನ್ನು ನೋಡಿದರೆ ಮಾಲೀಕರಲ್ಲಿ ಎರಡು ಪಂಗಡ ಕಾಣುತ್ತದೆ. ಒಂದು, ನಟ್ಟು ಬೋಲ್ಟಿನವರೆಗೆ ಕಾರ್ಖಾನೆಯಿಂದ ಬಂದಂತೆಯೇ ಇರಬೇಕೆನ್ನುವವರದು. ಇನ್ನೊಂದು, ದಿನಾ ಆಫೀಸಿಗೆ ಹೋಗಿ, ರಜೆ ಸಿಕ್ಕರೆ ಮಡಿಕೇರಿಗೆ ತಿರುಗಿಸುವವರದು. ಈ ಲೇಖನ ಎರಡನೆಯವರನ್ನು ಕುರಿತದ್ದು. ಕಣ್ಣಿಗೆ ಕಾಣುವುದನ್ನು ಹಾಗೇ ಉಳಿಸು, ಕಾಣದಿರುವುದನ್ನು ಸುಧಾರಿಸು ಎಂಬುದು ಅವರ ಸೂತ್ರ.

ಮೆಕ್ಯಾನಿಕ್ಕಿನ ಮುಂದೆ

249 ಸಿಸಿಯ ಈ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಇವಿಷ್ಟೇ ಮುಖ್ಯ ಚಲನೆ. ಆದ್ದರಿಂದಲೇ ಬೀದಿ ಬದಿಯ ಶೆಡ್ಡಿನಲ್ಲಿ ಬಿಚ್ಚಿ ಸಂಜೆಯೊಳಗೆ ಜೋಡಿಸಿಕೊಡುವುದು ಸಾಧ್ಯ. ಆದರೆ ಕೈ ಪಳಗಿರಬೇಕು.

ಪಿಕಪ್ ಹೋಗಿದೆ, ಏರಿನಲ್ಲಿ ಎಳೆಯುವುದಿಲ್ಲ ಎಂದು ದೂರಿಕೊಂಡು ಬಂದ ಗಾಡಿಯನ್ನು ಹಳೆಯ ಮೆಕ್ಯಾನಿಕ್ ಮೊದಲು ಹಿಂದಿನಿಂದ ನೋಡುತ್ತಾರೆ. ಸೈಲೆನ್ಸರಿನ ತುದಿ ಬಿಚ್ಚಿ ಒಳಗಿನ ಬ್ಯಾಫಲ್ ಕೊಳವೆಯನ್ನು ಎಳೆದರೆ ಅದರ ತೂತುಗಳೆಲ್ಲ ಅಂಟು ಮಸಿಯಿಂದ ಮುಚ್ಚಿಹೋಗಿರುತ್ತವೆ. ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುವ ಎಂಜಿನ್ ಆದ್ದರಿಂದ ಇದು ತಪ್ಪದು. ಕೊಳವೆಯನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಹಾಕಿ ಉಜ್ಜುತ್ತಾರೆ. ಹೆಡ್ ಇಳಿಸಿ ಪಿಸ್ಟನ್ ತಲೆಯ ಮೇಲಿನ ಕರಿಯನ್ನೂ, ಹೊಗೆ ಹೊರಬೀಳುವ ಎರಡು ಪೋರ್ಟುಗಳ ಕರಿಯನ್ನೂ ಗೀರು ಬೀಳದಂತೆ ಕೆರೆಯುತ್ತಾರೆ. ಇದಕ್ಕೆ ‘ಡೀಕಾರ್ಬನ್’ ಎನ್ನುತ್ತಾರೆ. ಹೊಸ ಬಿಡಿಭಾಗ ಒಂದನ್ನೂ ಹಾಕದೆ ಕಳೆದುಹೋದ ಎಳೆತ ಮರಳಿ ಬರುತ್ತದೆ.

ಆಮೇಲೆ ಬಲಬದಿಯ ಕವರ್ ತೆಗೆದು, ಪ್ಲಗ್ಗಿಗೆ ಕಿಡಿ ಹೊಮ್ಮಿಸುವ ಪಾಯಿಂಟ್ ನೋಡುತ್ತಾರೆ. ಅಲ್ಲಿನ ಸಂದು ಸುಮಾರು 0.4 ಮಿ.ಮೀ. ಇರಬೇಕು. ಫೀಲರ್ ಗೇಜ್ ತೂರಿಸಿ, ಸ್ಕ್ರೂ ಸಡಿಲಿಸಿ, ಮತ್ತೆ ಬಿಗಿದು, ಇನ್ನೊಮ್ಮೆ ಅಳೆಯುತ್ತಾರೆ. ಬಿಗಿಯುವಾಗಲೇ ಸಂದು ಕದಲುವುದುಂಟು. ಒಂದಷ್ಟು ದೂರ ಓಡಿಸಿ ಬಂದು ಪ್ಲಗ್ ಬಿಚ್ಚುತ್ತಾರೆ. ತುದಿ ಹುರಿದ ಕಾಫಿ ಬೀಜದ ಬಣ್ಣದಲ್ಲಿದ್ದರೆ ಕಾರ್ಬುರೇಟರ್ ಸರಿಯಿದೆ. ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಬಿಳಿಚಿದ್ದರೆ ಕಡಿಮೆಯಾಗಿದೆ. ಬಿಳಿಚಿದ ಪ್ಲಗ್ಗನ್ನು ಅಲಕ್ಷಿಸಿ ದೂರ ಹೊರಟರೆ ಎಂಜಿನ್ ಕಾದು ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಏನು ಬದಲಿಸಬೇಕು, ಏನು ಕೂಡದು

ಹಳೆಯ ಗಾಡಿಗಳ ದೊಡ್ಡ ಕೊರತೆ 6 ವೋಲ್ಟಿನ ವಿದ್ಯುತ್ ವ್ಯವಸ್ಥೆ. ಅದರ ಹೆಡ್‌ಲೈಟಿನ ಬೆಳಕಲ್ಲಿ ಇಂದಿನ ಹೆದ್ದಾರಿಯಲ್ಲಿ ರಾತ್ರಿ ಓಡಿಸುವುದು ಅಪಾಯ. ಅದನ್ನು 12 ವೋಲ್ಟಿಗೆ ಏರಿಸಿ, ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸುವುದು ದಿನನಿತ್ಯ ಓಡಿಸುವವರು ಮಾಡಿಸುವ ಮೊದಲ ಕೆಲಸ. ಎಲ್ಲವೂ ಹಳೆಯ ಕವರಿನೊಳಗೇ ಅಡಗುವುದರಿಂದ ಹೊರಗೆ ಗುರುತೇ ಸಿಗದು. ಎರಡನೆಯದು ಬ್ರೇಕ್: ಡ್ರಮ್ ಸಾಣೆ ಹಿಡಿಸಿ ಹೊಸ ಲೈನರ್ ಹಾಕಿಸಬೇಕು. ಮೂರನೆಯದು ಪೆಟ್ರೋಲ್ ಪೈಪು, ವಾಷರ್. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ಹಳೆಯ ರಬ್ಬರನ್ನು ಉಬ್ಬಿಸಿ ಹಾಳುಗೆಡವುತ್ತದೆ, ನೀರಿನಂಶ ಹೀರಿಕೊಂಡು ಟ್ಯಾಂಕಿನ ತಳದಲ್ಲಿ ತುಕ್ಕು ಹಿಡಿಸುತ್ತದೆ. ಎಥೆನಾಲ್ ತಾಳುವ ಪೈಪು ಹಾಕಿಸಿ, ಟ್ಯಾಂಕನ್ನು ವಾರಗಟ್ಟಲೆ ಹಳೆಯ ಪೆಟ್ರೋಲಿನಲ್ಲಿ ಬಿಡದೆ ಓಡಿಸುತ್ತಿರುವುದೇ ಇದಕ್ಕೆ ಮದ್ದು.

ಪ್ರವಾಸಕ್ಕಾಗಿ ಸೀಟಿನ ಆಕಾರ ಕೆಡಿಸದೆ ಒಳಗಿನ ಫೋಮ್ ಬದಲಿಸಬಹುದು. ಚಾಸಿಸ್ಸಿಗೆ ವೆಲ್ಡಿಂಗ್ ಮಾಡದೆ, ಇರುವ ಬೋಲ್ಟಿನ ಜಾಗಕ್ಕೇ ಕೂರುವ ಕ್ಯಾರಿಯರ್ ಮಾಡಿಸಬಹುದು. ಬಿಚ್ಚಿದ ಮೂಲ ಭಾಗಗಳನ್ನು ಎಣ್ಣೆ ಸವರಿ ಪೆಟ್ಟಿಗೆಯಲ್ಲಿಡಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಮತ್ತೆ ಹುಡುಕಲು ಹೊರಟಾಗಲೇ ಅವುಗಳ ಬೆಲೆ ತಿಳಿಯುವುದು.

ಕಾನೂನಿನ ಗೆರೆಯೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಚಾಸಿಸ್ ಕತ್ತರಿಸಿ ‘ಬಾಬರ್’ ಶೈಲಿಯ ಮೋಟು ಗಾಡಿ ಮಾಡಿಸುವುದು, ಬೇರೆ ಮಾದರಿಯ ಎಂಜಿನ್ ಕೂರಿಸುವುದು ಈ ಗೆರೆಯಾಚೆಗಿನವು. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಾಗಬೇಕು. ಅಂದಕ್ಕೆ ಅಡ್ಡಿಯೆಂದು ಕಿತ್ತೆಸೆಯುವ ಸೀರೆ ಗಾರ್ಡ್, ಹಿಂಬದಿ ಸವಾರರ ಹಿಡಿಕೆ ಎರಡನ್ನೂ ಕೇಂದ್ರ ಮೋಟಾರು ವಾಹನ ನಿಯಮಗಳು ಕಡ್ಡಾಯ ಮಾಡಿವೆ. ಸದ್ದಿನ ಸೈಲೆನ್ಸರಿಗೆ ಏನಾಗುತ್ತದೆಂದು ಹೇಳಬೇಕಾಗಿಲ್ಲ: ಪೊಲೀಸರು ಅವುಗಳ ಮೇಲೆ ರೋಡ್ ರೋಲರ್ ಹತ್ತಿಸುವ ಚಿತ್ರ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ.

ಇನ್ನೊಂದು ಎಚ್ಚರ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಹಾಗೆ ನೋಂದಾಯಿಸಿದರೆ ಪ್ರದರ್ಶನ, ರ‍್ಯಾಲಿಗಳಂಥ ಸಂದರ್ಭಗಳಿಗೆ ಬಿಟ್ಟು ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ಆಫೀಸಿಗೆ ಓಡಿಸಬೇಕೆನ್ನುವವರು 15 ವರ್ಷದ ನಂತರ ಐದೈದು ವರ್ಷಕ್ಕೆ ಮಾಡಿಸುವ ಮಾಮೂಲಿ ನವೀಕರಣಕ್ಕೇ ಅಂಟಿಕೊಳ್ಳುವುದು ಒಳ್ಳೆಯದು.

ಘಟ್ಟ ಇಳಿಯುವಾಗ

ಲೀಟರ್ ಪೆಟ್ರೋಲಿಗೆ 30ರಿಂದ 40 ಮಿ.ಲೀ. ಟೂಟಿ ಆಯಿಲ್ ಬೆರೆಸುವುದು ರೂಢಿ. ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ದಾರಿಯಲ್ಲೇ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿಯುವಾಗ ಎಕ್ಸಲರೇಟರ್ ಪೂರ್ತಿ ಮುಚ್ಚಿದರೆ ಪೆಟ್ರೋಲಿನ ಜೊತೆ ಎಣ್ಣೆಯೂ ನಿಲ್ಲುತ್ತದೆ, ಚಕ್ರ ಮಾತ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ. ಅದಕ್ಕೇ ಅನುಭವಿಗಳು ಇಳಿಜಾರಿನಲ್ಲಿ ಆಗಾಗ ಎಕ್ಸಲರೇಟರ್ ಒಂದಿಷ್ಟು ತಿರುಗಿಸಿ ಬಿಡುತ್ತಾರೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಎಂಜಿನ್ ಬ್ರೇಕಿಂಗ್ ಕಡಿಮೆ. ಡ್ರಮ್ ಬ್ರೇಕನ್ನು ಒತ್ತಿ ಹಿಡಿದೇ ಇದ್ದರೆ ಅದು ಕಾದು ಹಿಡಿತ ಬಿಡುತ್ತದೆ. ಅಲ್ಲಲ್ಲಿ ನಿಂತು ಆರಿಸಿಕೊಂಡು ಇಳಿಯಬೇಕು. ಬಂಡೀಪುರದ ಕಡೆಯಿಂದ ಊಟಿಗೆ ಹೊರಟವರು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿಷೇಧವನ್ನು ಲೆಕ್ಕಕ್ಕಿಟ್ಟುಕೊಂಡೇ ಹೊರಡಬೇಕು. ಚೀಲದಲ್ಲಿ ಎರಡು ಪ್ಲಗ್, ಕ್ಲಚ್ ಕೇಬಲ್, ಟ್ಯೂಬ್, ಚೈನ್ ಲಿಂಕ್, ಒಂದು ಬಾಟಲಿ ಟೂಟಿ ಆಯಿಲ್ ಇದ್ದರೆ ದಾರಿಯಲ್ಲಿ ಕೆಟ್ಟರೂ ಊರು ಸೇರಬಹುದು.

ಇಷ್ಟೆಲ್ಲ ರಗಳೆ ಬೇಡವೆನ್ನುವವರಿಗೆ ಹೊಸ ದಾರಿಯಿದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮರಳಿ ಬಂದಿವೆ. ಮಹೀಂದ್ರಾ ಬಂಡವಾಳವಿರುವ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಇವನ್ನು ತಯಾರಿಸುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ರುಸ್ತುಂ ಇರಾನಿಯವರ ಮಗ ಬೋಮನ್ ಇರಾನಿ ಇದರ ಪಾಲುದಾರರು. ರೂಪ ಹಳೆಯದರದು, ಒಳಗೆ ಫೋರ್ ಸ್ಟ್ರೋಕ್, ಲಿಕ್ವಿಡ್ ಕೂಲಿಂಗ್, ಫ್ಯುಯೆಲ್ ಇಂಜೆಕ್ಷನ್, ಎಬಿಎಸ್. ದಿನನಿತ್ಯದ ನೆಮ್ಮದಿಗೆ ಇದೇ ಜಾಣ ಆಯ್ಕೆ. ಆದರೆ ಪಾಯಿಂಟ್ ಸಂದು ಅಳೆಯುವ, ಪ್ಲಗ್ಗಿನ ಬಣ್ಣ ಓದುವ ಕಸುಬು ಉಳಿಯಬೇಕಾದರೆ ಹಳೆಯವು ಓಡುತ್ತಿರಲೇಬೇಕು.

ನಿಮ್ಮ ಮನೆಯ ಹಿತ್ತಲಲ್ಲಿ ಟಾರ್ಪಾಲಿನಡಿ ತಂದೆಯವರದೋ ಅಜ್ಜನದೋ ಯೆಜ್ಡಿ ಇದ್ದರೆ, ಗುಜರಿಯವನನ್ನು ಕರೆಯುವ ಮುನ್ನ ಆರ್‌ಸಿ ಹುಡುಕಿ. ಅದರಲ್ಲಿನ ಎಂಜಿನ್, ಚಾಸಿಸ್ ನಂಬರುಗಳು ಗಾಡಿಯ ಮೇಲಿನವಕ್ಕೆ ತಾಳೆಯಾದರೆ ಮೆಕ್ಯಾನಿಕ್ಕನ್ನು ಕರೆಸಿ. ಬಣ್ಣ, ಕ್ರೋಮ್ ಆಮೇಲೆ ಇರಲಿ. ಮೊದಲು ಬ್ರೇಕ್ ಸರಿಮಾಡಿಸಿ.