ಅಪರಾತ್ರಿಯ ಪಯಣಿಗರಿಗೆ ನಗರ ಬಸ್ಸಿನ ಆಸರೆ

ಶಿಕಾರಿಪುರ ಸೀಮೆಯ ಉಡುತಡಿಯಿಂದ ಅಕ್ಕಮಹಾದೇವಿಯವರು ಕಲ್ಯಾಣದತ್ತ ಒಬ್ಬರೇ ನಡೆದರು. ಇಂದು ಅದೇ ಶಿಕಾರಿಪುರ, ಸೊರಬಗಳಿಂದ ನಮ್ಮ ಬಂಧುಗಳು ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುತ್ತಾರೆ. ಅವರಲ್ಲಿ ಕಿದ್ವಾಯಿ, ನಿಮ್ಹಾನ್ಸ್ ಆಸ್ಪತ್ರೆಗಳಿಗೆ ರೋಗಿಗಳನ್ನು ಕರೆತರುವವರೂ ಉಂಟು. ಬೆಳಕು ಹರಿಯುವ ಮುನ್ನವೇ ಮೆಜೆಸ್ಟಿಕ್ಕಿನಲ್ಲಿ ಇಳಿದವರಿಗೆ ದಿಕ್ಕು ತೋಚುವುದಿಲ್ಲ. ಔಷಧಿಗೆಂದು ಕೂಡಿಟ್ಟ ಹಣ ಬಾಡಿಗೆ ವಾಹನಕ್ಕೇ ಕರಗಿಹೋಗುತ್ತದೆ.

ಗಾಬರಿ ಸಲ್ಲದು. ಎದುರಿಗೇ ಇರುವ ನಗರ ಸಾರಿಗೆ ನಿಲ್ದಾಣದಿಂದ ಕೆಲವು ಮಾರ್ಗಗಳಲ್ಲಿ ರಾತ್ರಿಯೂ ಬಸ್ಸು ಓಡುತ್ತದೆ. ಅವು ವಿರಳವಾದುದರಿಂದ ಊರು ಬಿಡುವ ಮೊದಲೇ ವೇಳೆಯನ್ನು ವಿಚಾರಿಸಿರಬೇಕು. ಬಸ್ಸು ಬರುವವರೆಗೆ ಬೆಳಕಿರುವ ಕಡೆ, ಸಂಚಾರ ನಿಯಂತ್ರಕರ ಕೊಠಡಿಯ ಸಮೀಪ ಕುಳಿತಿರುವುದು ಕ್ಷೇಮ. ಮೇಲೆ ಹೇಳಿದ ಎರಡೂ ಆಸ್ಪತ್ರೆಗಳು ಹೊಸೂರು ರಸ್ತೆಯಲ್ಲಿವೆ. ಶಕ್ತಿ ಯೋಜನೆಯಡಿ 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ತಾಯಂದಿರು ಗುರುತಿನ ಚೀಟಿಯನ್ನು ಮರೆಯಬಾರದು.

ನಗರವಾಸಿ ಶರಣ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಊರಿನವರು ಬರುವರೆಂದು ತಿಳಿದಾಗ ಬಸ್ಸಿನ ಸಂಖ್ಯೆಯನ್ನೂ ಇಳಿಯಬೇಕಾದ ನಿಲ್ದಾಣವನ್ನೂ ಮೊದಲೇ ತಿಳಿಸಿರಿ. ಸಾಧ್ಯವಾದರೆ ನಿಲ್ದಾಣಕ್ಕೇ ಬನ್ನಿರಿ. ಅಪರಾತ್ರಿಯಲ್ಲಿ ಬಂದಿಳಿದವರಿಗೆ ದಾರಿ ತೋರುವುದೂ ದಾಸೋಹವೇ ಎಂದು ನಾವು ನಂಬಿದ್ದೇವೆ.