ಕಾಯಂ ಕವಚಕ್ಕೆ ತಾತ್ಕಾಲಿಕ ಸಿಮೆಂಟು

ಹುಳುಕು ಹಿಡಿದು ಶಿಥಿಲವಾದ, ಬಿರುಕು ಬಿಟ್ಟ ಅಥವಾ ರೂಟ್ ಕೆನಾಲ್ ಚಿಕಿತ್ಸೆಗೆ ಒಳಗಾದ ಹಲ್ಲನ್ನು ಉಳಿಸಿಕೊಳ್ಳಲು ಅದಕ್ಕೆ ಲೋಹದ ಅಥವಾ ಪಿಂಗಾಣಿಯ ಕವಚವನ್ನು ತೊಡಿಸಲಾಗುತ್ತದೆ. ಜನಸಾಮಾನ್ಯರು ಇದನ್ನು ‘ಕ್ಯಾಪ್’ ಎನ್ನುತ್ತಾರೆ. ಹಲವು ವರ್ಷ ಬಾಳಬೇಕಾದ ಈ ಕವಚವನ್ನು ದಂತವೈದ್ಯರು ಕೆಲವೊಮ್ಮೆ ಮೊದಲಿಗೆ ತಾತ್ಕಾಲಿಕ ಸಿಮೆಂಟಿನಿಂದ ಕೂರಿಸುವುದುಂಟು. ಇದರ ಉದ್ದೇಶವೇನು, ಮಿತಿಯೇನು ಎಂಬುದನ್ನು ಚಿಕಿತ್ಸೆ ಪಡೆಯುವವರು ಅರಿತಿರಬೇಕು.

ಸಿಮೆಂಟಿನ ಕಾರ್ಯ

ಕವಚವನ್ನು ಹಿಡಿದಿಡುವುದು ಸಿಮೆಂಟು ಒಂದೇ ಅಲ್ಲ. ವೈದ್ಯರು ಹಲ್ಲನ್ನು ಸುತ್ತಲೂ ಅರೆದು, ತುದಿಯ ಕಡೆಗೆ ತುಸು ಕಿರಿದಾಗುವ ಗೂಟದ ಆಕಾರಕ್ಕೆ ತರುತ್ತಾರೆ. ಅದರ ಮೇಲೆ ಕವಚವು ಟೋಪಿಯಂತೆ ಬಿಗಿಯಾಗಿ ಕೂರುತ್ತದೆ. ಇವೆರಡರ ನಡುವೆ ಉಳಿಯುವ ಅತಿ ಸಣ್ಣ ಸಂದನ್ನು ಸಿಮೆಂಟು ತುಂಬಿ, ಜೊಲ್ಲು ಮತ್ತು ರೋಗಾಣುಗಳು ಒಳನುಸುಳದಂತೆ ತಡೆಯುತ್ತದೆ.

ತಾತ್ಕಾಲಿಕ ಸಿಮೆಂಟುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಜಿಂಕ್ ಆಕ್ಸೈಡ್ ಪುಡಿಯನ್ನು ಯೂಜಿನಾಲ್ ದ್ರವದೊಡನೆ ಕಲಸಿದ ಮಿಶ್ರಣ. ಯೂಜಿನಾಲ್ ಲವಂಗದ ಎಣ್ಣೆಯ ಮುಖ್ಯಾಂಶವಾಗಿದ್ದು, ಹಲ್ಲಿನ ನೋವನ್ನು ಶಮನಗೊಳಿಸುವ ಗುಣ ಹೊಂದಿದೆ. ಕವಚವನ್ನು ಮತ್ತೆ ತೆಗೆಯಲು ಅನುಕೂಲವಾಗುವಂತೆ ಈ ಮಿಶ್ರಣದ ಹಿಡಿತ ದುರ್ಬಲವಾಗಿಯೇ ಇರುತ್ತದೆ. ಕಾಯಂ ಜೋಡಣೆಗೆ ಜಿಂಕ್ ಫಾಸ್ಫೇಟ್, ಗ್ಲಾಸ್ ಅಯಾನೊಮರ್ ಮತ್ತು ರೆಸಿನ್ ಸಿಮೆಂಟುಗಳಿವೆ. ಇವುಗಳಲ್ಲಿ ಗ್ಲಾಸ್ ಅಯಾನೊಮರ್ ಅನ್ನು 1972ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳಾದ ವಿಲ್ಸನ್ ಮತ್ತು ಕೆಂಟ್ ಲೋಕಕ್ಕೆ ಪರಿಚಯಿಸಿದರು. ಅದು ಹಲ್ಲಿಗೆ ರಾಸಾಯನಿಕವಾಗಿ ಅಂಟಿಕೊಳ್ಳುವುದಲ್ಲದೆ ಫ್ಲೋರೈಡನ್ನೂ ಒಸರುತ್ತದೆ.

ಪರೀಕ್ಷೆಯ ಅವಧಿ

ಹೊಸ ಕವಚ ಎದುರು ಹಲ್ಲಿಗೆ ಸರಿಯಾಗಿ ತಾಗುತ್ತದೆಯೇ, ವಸಡು ಅದಕ್ಕೆ ಒಗ್ಗುತ್ತದೆಯೇ, ಬಣ್ಣ ಹೊಂದುತ್ತದೆಯೇ ಎಂಬುದು ಕೆಲವು ದಿನ ಬಳಸಿದ ನಂತರವೇ ತಿಳಿಯುತ್ತದೆ. ಅರೆದ ಹಲ್ಲಿನ ತಿರುಳು ನೋಯುತ್ತಿದ್ದರೆ, ರೂಟ್ ಕೆನಾಲ್ ಚಿಕಿತ್ಸೆ ಬೇಕಾದೀತೇ ಎಂದು ಕಾದು ನೋಡಬೇಕಾಗುತ್ತದೆ. ಇಂತಹ ಸಂದರ್ಭಗಳಲ್ಲಿ ತಾತ್ಕಾಲಿಕ ಸಿಮೆಂಟು ವಿವೇಕದ ಕ್ರಮವೇ ಆಗಿದೆ. ದವಡೆಯ ಮೂಳೆಯಲ್ಲಿ ನೆಟ್ಟ ಇಂಪ್ಲಾಂಟಿನ ಕವಚವನ್ನು ಮುಂದೆ ಬಿಚ್ಚಬೇಕಾಗಬಹುದೆಂದು ವೈದ್ಯರು ಉದ್ದೇಶಪೂರ್ವಕವಾಗಿಯೇ ಇಂತಹ ಸಿಮೆಂಟನ್ನು ಆರಿಸುವುದುಂಟು. ಆದರೆ ಎಲ್ಲ ಕವಚಗಳಿಗೂ ಇದು ತಕ್ಕುದಲ್ಲ. ಕೆಲವು ಬಗೆಯ ಪಿಂಗಾಣಿ ಕವಚಗಳು ಹಲ್ಲಿಗೆ ಗಟ್ಟಿಯಾಗಿ ಬೆಸೆದಾಗ ಮಾತ್ರ ಪೂರ್ಣ ಬಲ ಪಡೆಯುತ್ತವೆ. ದುರ್ಬಲ ಸಿಮೆಂಟಿನ ಮೇಲೆ ಅವು ಒಡೆಯಬಹುದು. ಮುಂದೆ ರೆಸಿನ್ ಸಿಮೆಂಟು ಬಳಸುವುದಿದ್ದಲ್ಲಿ ಅದು ಗಟ್ಟಿಯಾಗುವುದಕ್ಕೆ ಯೂಜಿನಾಲ್ ಅಡ್ಡಿಯಾಗುವ ಸಂಭವವಿರುವುದರಿಂದ, ಯೂಜಿನಾಲ್ ಇಲ್ಲದ ತಾತ್ಕಾಲಿಕ ಸಿಮೆಂಟನ್ನು ಬಳಸುತ್ತಾರೆ.

ಅಲಕ್ಷ್ಯದ ಅಪಾಯ

ನೋವಿಲ್ಲ, ಕವಚ ಅಲುಗುತ್ತಿಲ್ಲ ಎಂಬ ಕಾರಣಕ್ಕೆ ಅನೇಕರು ಮತ್ತೆ ವೈದ್ಯರ ಬಳಿಗೆ ಹೋಗುವುದಿಲ್ಲ. ತಾತ್ಕಾಲಿಕ ಸಿಮೆಂಟು ಜೊಲ್ಲಿನಲ್ಲಿ ಮೆಲ್ಲಮೆಲ್ಲನೆ ಕರಗಿಹೋಗುತ್ತದೆ. ಆಗ ಕವಚ ಬೀಳದಿದ್ದರೂ ಅದರಡಿಯ ಸಂದಿನಲ್ಲಿ ಹುಳುಕು ಬೆಳೆಯಬಲ್ಲದು. ರೂಟ್ ಕೆನಾಲ್ ಆದ ಹಲ್ಲಿನಲ್ಲಿ ಜೀವಂತ ತಿರುಳು ಇಲ್ಲದಿರುವುದರಿಂದ ನೋವಿನ ಮುನ್ಸೂಚನೆಯೂ ದೊರೆಯದೆ, ಕಡೆಗೆ ಹಲ್ಲನ್ನೇ ಕೀಳಬೇಕಾಗಬಹುದು. ಎರಡು ಹಲ್ಲುಗಳ ಆಸರೆಯ ಸೇತುವೆಯಲ್ಲಿ ಒಂದು ಕಡೆ ಸಡಿಲವಾದರೂ ಇನ್ನೊಂದು ಕಡೆಯ ಹಿಡಿತದಿಂದ ಅದು ಗಮನಕ್ಕೆ ಬಾರದೆ ಹೋಗಬಹುದು.

ಪಾಲಿಸಬೇಕಾದ ಕ್ರಮಗಳು

ಕವಚ ಕೂರಿಸಿದ ದಿನವೇ, ಬಳಸಿದ ಸಿಮೆಂಟು ತಾತ್ಕಾಲಿಕವೋ ಕಾಯಂ ಆದುದೋ ಎಂದು ಕೇಳಿ, ಮತ್ತೆ ಬರಬೇಕಾದ ದಿನಾಂಕದೊಡನೆ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಉದ್ಯೋಗದ ನಿಮಿತ್ತ ಊರು ಬದಲಾಯಿಸುವವರು ಈ ಚೀಟಿಯನ್ನು ಹೊಸ ಊರಿನ ದಂತವೈದ್ಯರಿಗೆ ತೋರಿಸಿ ಕೆಲಸ ಪೂರೈಸಿಕೊಳ್ಳುವುದು ಒಳ್ಳೆಯದು. ಅಲ್ಲಿಯವರೆಗೆ ಚಿಕ್ಕಿಯಂತಹ ಅಂಟುವ ತಿನಿಸನ್ನೂ ಗಟ್ಟಿ ಪದಾರ್ಥಗಳನ್ನೂ ಆ ಬದಿಯಿಂದ ಅಗಿಯಬಾರದು. ಹಲ್ಲುಜ್ಜುವುದನ್ನು ಮಾತ್ರ ನಿಲ್ಲಿಸಬಾರದು. ಕವಚದ ಬಳಿ ದುರ್ವಾಸನೆ, ಕೆಟ್ಟ ರುಚಿ ಅಥವಾ ಅಲುಗಾಟ ಕಂಡುಬಂದರೆ ನಿಗದಿತ ದಿನಕ್ಕಾಗಿ ಕಾಯದೆ ವೈದ್ಯರನ್ನು ಕಾಣಬೇಕು.

ಕವಚ ಕಳಚಿ ಬಿದ್ದರೆ ಅದನ್ನು ತೊಳೆದು, ಚಿಕ್ಕ ಡಬ್ಬಿಯಲ್ಲಿಟ್ಟು, ಬೇಗನೆ ವೈದ್ಯರಲ್ಲಿಗೆ ಒಯ್ಯಬೇಕು. ಮನೆಬಳಕೆಯ ಅಂಟಿನಿಂದ ಅದನ್ನು ಕೂರಿಸುವುದು ಹಾನಿಕರ. ಸಡಿಲವಾದ ಕವಚ ನಿದ್ರೆಯಲ್ಲಿ ಗಂಟಲಿಗೆ ಜಾರಬಹುದು. ಹಾಗೆ ಜಾರಿ ಕೆಮ್ಮು ಅಥವಾ ಉಸಿರಾಟದ ತೊಂದರೆ ಉಂಟಾದರೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಅಡಿಯ ಹಲ್ಲು ಕೆಡದೆ ಉಳಿದಿದ್ದರೆ ಬಹಳಷ್ಟು ಸಲ ಅದೇ ಕವಚವನ್ನು ಮತ್ತೆ ಕೂರಿಸಲು ಸಾಧ್ಯ. ನಿಗದಿತ ದಿನದಂದು ಮರಳಿ ಹೋಗಿ ಕಾಯಂ ಸಿಮೆಂಟು ಹಾಕಿಸಿಕೊಂಡಾಗಲೇ ಈ ಚಿಕಿತ್ಸೆ ಪೂರ್ಣಗೊಂಡಂತೆ.