ತುಂಬು ಸಂಸಾರ, ದೂರದ ದೇಶ

ಜಗಳೂರು ತಾಲ್ಲೂಕಿನ ಬಿಳಿಚೋಡು ಮಳೆಯನ್ನೇ ನೆಚ್ಚಿದ ಸೀಮೆ. ಮೆಕ್ಕೆಜೋಳ, ಶೇಂಗಾ, ರಾಗಿ ಬೆಳೆದು ಬದುಕುವ ಇಂಥ ಊರುಗಳಲ್ಲಿ ನಾಲ್ಕೈದು ಮಕ್ಕಳನ್ನು ಸಾಕುವುದು ಹಿಂದೆ ಯಾರಿಗೂ ದೊಡ್ಡ ಸಂಗತಿಯಾಗಿ ತೋರಿರಲಿಲ್ಲ. ತಾಯಿ ಕಳೆ ತೆಗೆಯಲು ಹೊಲಕ್ಕೆ ಹೋದರೆ ಕೂಸು ಅಜ್ಜಿಯ ಮಡಿಲಲ್ಲಿರುತ್ತಿತ್ತು. ಅಜ್ಜಿಗೆ ಮೈ ಸರಿಯಿಲ್ಲದಿದ್ದರೆ ಪಕ್ಕದ ಮನೆಯ ದೊಡ್ಡಮ್ಮ ಉಣ್ಣಿಸುತ್ತಿದ್ದಳು. ತಪ್ಪು ಮಾಡಿದ ಹುಡುಗನನ್ನು ಬೀದಿಯ ಯಾವ ಹಿರಿಯನಾದರೂ ಗದರಿಸಬಹುದಾಗಿತ್ತು. ಹೆತ್ತವರು ಮಕ್ಕಳನ್ನು ಬೆಳೆಸುತ್ತಿದ್ದರು ಎಂಬುದು ಅರ್ಧ ಮಾತು. ಉಳಿದರ್ಧವನ್ನು ಊರು ಮಾಡುತ್ತಿತ್ತು.

ಯೂರೋಪಿಗೆ ಹೊರಡುವ ನಮ್ಮ ಸಂಸಾರಗಳು ಕಳೆದುಕೊಳ್ಳುವುದು ಈ ಉಳಿದರ್ಧವನ್ನು. ನರ್ಸಿಂಗ್ ಕಲಿತ ನಮ್ಮ ಹೆಣ್ಣುಮಕ್ಕಳು, ಎಂಜಿನಿಯರಿಂಗ್ ಓದಿದ ನಮ್ಮ ಗಂಡುಮಕ್ಕಳು ಜರ್ಮನಿ, ಐರ್ಲೆಂಡ್, ಬ್ರಿಟನ್, ಇಟಲಿಗಳಲ್ಲಿ ದುಡಿಯುತ್ತಿರುವುದು ಈಗ ಹೊಸ ಸುದ್ದಿಯಲ್ಲ. ಕೆಲಸದ ಪತ್ರ ಕೈಗೆ ಬಂದ ದಿನವೇ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮಕ್ಕಳನ್ನು ಕರೆದೊಯ್ಯುವುದೋ, ಬಿಟ್ಟು ಹೋಗುವುದೋ? ಒಂದೇ ಮಗುವಿದ್ದರೆ ಉತ್ತರ ಸುಲಭ. ಮೂವರೋ ನಾಲ್ವರೋ ಇದ್ದಾಗ ಲೆಕ್ಕಾಚಾರ ಮೊದಲಾಗುತ್ತದೆ. ದೊಡ್ಡವರಿಬ್ಬರು ಹಾಸ್ಟೆಲಿನಲ್ಲಿರಲಿ, ನಡುವಿನವನು ಅಜ್ಜಿಯ ಬಳಿ ಇರಲಿ, ಕೈಗೂಸು ಮಾತ್ರ ನಮ್ಮೊಡನೆ ಬರಲಿ ಎಂದು ಸಂಸಾರವನ್ನು ಹೋಳು ಮಾಡುವ ಆಲೋಚನೆ ಹುಟ್ಟುತ್ತದೆ. ಈ ಆಲೋಚನೆಯನ್ನು ಕೈಗೊಳ್ಳುವ ಮುನ್ನ ಹೆತ್ತವರು ಎರಡು ಬಾರಿ ಯೋಚಿಸಬೇಕೆಂಬುದು ನಮ್ಮ ಅರಿಕೆ.

ಈ ಸಂಕಟವನ್ನು ನಮ್ಮ ನಾಡು ಒಮ್ಮೆ ಎದುರು ದಿಕ್ಕಿನಿಂದ ಕಂಡಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಪ್ರೊಟೆಸ್ಟೆಂಟ್ ಪಂಥದವರಾದರೂ ಕನ್ನಡಿಗರೆಲ್ಲರೂ ನೆನೆಯಬೇಕಾದವರು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಹೊರಬಂದ ಮಹಾನಿಘಂಟಿನ ಕಿಟೆಲ್ ಆ ಮಿಷನ್ನಿಗೆ ಸೇರಿದವರು. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಸಿದ್ದ ಅವರ ಸಂಸಾರಗಳು ಅನೇಕ ಕಡೆ ಮಕ್ಕಳಿಂದ ತುಂಬಿದ್ದವು. ಆದರೆ 1853ರಲ್ಲಿ ಮಿಷನ್ ಒಂದು ಕಟ್ಟಳೆ ಮಾಡಿತು. ಮಕ್ಕಳು ಶಾಲೆಯ ವಯಸ್ಸಿಗೆ ಬಂದೊಡನೆ ಅವರನ್ನು ಯೂರೋಪಿಗೆ ಕಳುಹಿಸಬೇಕು, ಅಲ್ಲಿ ಬಾಸೆಲ್ ನಗರದ ಮಕ್ಕಳ ನಿಲಯದಲ್ಲಿಯೋ ಬಂಧುಗಳ ಮನೆಯಲ್ಲಿಯೋ ಅವರು ಬೆಳೆಯಬೇಕು. ಇಲ್ಲಿನ ಜ್ವರ, ಕಾಲರಾಗಳ ಭಯವಿತ್ತು. ತಕ್ಕ ಶಾಲೆಗಳಿಲ್ಲವೆಂಬ ಚಿಂತೆಯೂ ಇತ್ತು. ಉದ್ದೇಶ ಕೆಟ್ಟದ್ದೆಂದು ಯಾರೂ ಹೇಳಲಾರರು. ಆದರೂ ಎಷ್ಟೋ ಮಕ್ಕಳು ತಂದೆತಾಯಿಯರ ಮುಖವನ್ನು ಮತ್ತೆ ಕಂಡದ್ದು ವರ್ಷಗಳು ಉರುಳಿದ ಮೇಲೆ.

ಮಲಯಾಳಂ ನಿಘಂಟುಕಾರರಾದ ಹರ್ಮನ್ ಗುಂಡರ್ಟರ ಮಗಳು ಮರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಎಳೆಯ ವಯಸ್ಸಿನಲ್ಲಿಯೇ ಯೂರೋಪಿನಲ್ಲಿ ಉಳಿಯಬೇಕಾಗಿ ಬಂದ ಆಕೆ ಹೆತ್ತವರಿದ್ದ ನಾಡಿಗೆ ಮರಳಿದ್ದು 1857ರಲ್ಲಿ, ಹದಿನೈದರ ಸುಮಾರಿನ ಹುಡುಗಿಯಾಗಿ. ಮುಂದೆ ಆಕೆ ಸಾಹಿತಿ ಹರ್ಮನ್ ಹೆಸ್ಸೆಯ ತಾಯಿಯಾದಳು. ಅಂದು ಹಡಗಿನ ಹಾದಿ ತಿಂಗಳುಗಟ್ಟಲೆ ಹಿಡಿಯುತ್ತಿತ್ತು, ಆದ್ದರಿಂದ ಅಗಲಿಕೆ ಅನಿವಾರ್ಯವೆನಿಸಿತ್ತು. ಇಂದು ವಿಮಾನ ಒಂದು ಹಗಲಿನಲ್ಲಿ ತಲುಪಿಸುತ್ತದೆ. ಹಾದಿ ಚಿಕ್ಕದಾದರೂ ಅಗಲಿಕೆ ಮಾತ್ರ ಹಾಗೆಯೇ ಉಳಿಯುವುದಾದರೆ ನಾವು ಕಾರಣವನ್ನು ಬೇರೆಡೆ ಹುಡುಕಬೇಕು.

ಧರ್ಮಸಭೆಯ ಮನಸ್ಸು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಹೆರೋದನ ಕತ್ತಿಗೆ ಅಂಜಿ ಸಂತ ಜೋಸೆಫರು ಈಜಿಪ್ಟಿಗೆ ಓಡಿದಾಗ ತಾಯಿಯನ್ನೂ ಮಗುವನ್ನೂ ಜೊತೆಗೆ ಕರೆದೊಯ್ದರು. 1952ರ ಆಗಸ್ಟ್ 1ರಂದು ಜಗದ್ಗುರು ಹನ್ನೆರಡನೆಯ ಪಯಸ್ಸರು ವಲಸಿಗರನ್ನು ಕುರಿತು ಹೊರಡಿಸಿದ ಪತ್ರ ಈ ಪವಿತ್ರ ಕುಟುಂಬವನ್ನೇ ಎಲ್ಲ ವಲಸಿಗ ಸಂಸಾರಗಳಿಗೂ ಮಾದರಿಯಾಗಿ ಎತ್ತಿಹಿಡಿಯುತ್ತದೆ. 1983ರ ಅಕ್ಟೋಬರಿನಲ್ಲಿ ವ್ಯಾಟಿಕನ್ ಪ್ರಕಟಿಸಿದ ಕುಟುಂಬದ ಹಕ್ಕುಗಳ ಸನ್ನದು ಒಂದು ಹೆಜ್ಜೆ ಮುಂದೆ ಹೋಗಿ, ಪರದೇಶದಲ್ಲಿ ದುಡಿಯುವವನ ಸಂಸಾರ ಆದಷ್ಟು ಬೇಗ ಒಂದುಗೂಡುವುದು ಅವನ ಹಕ್ಕೆಂದು ಸಾರಿತು. ಒಂದುಗೂಡುವಿಕೆಯನ್ನು ಆಳುವವರ ಕರುಣೆಗೆ ಬಿಡದೆ ಹಕ್ಕೆಂದು ಕರೆದದ್ದನ್ನು ನಾವು ಗಮನಿಸಬೇಕು.

ದೊಡ್ಡ ಸಂಸಾರವೊಂದನ್ನು ಯೂರೋಪಿನ ದೇಶದಿಂದ ದೇಶಕ್ಕೆ ಹೊತ್ತು ಸಾಗಿದ ತಾಯಿಯೊಬ್ಬಳ ಬಾಳು ಇಲ್ಲಿ ನೆನಪಿಗೆ ಬರುತ್ತದೆ. ಆಸ್ಟ್ರಿಯದ ಕೊನೆಯ ಚಕ್ರವರ್ತಿ ಪುನೀತ ಕಾರ್ಲರ ಮಡದಿ ಜೀಟಾ 1892ರಲ್ಲಿ ಇಟಲಿಯಲ್ಲಿ ಹುಟ್ಟಿದವರು. ತಂದೆಯ ಎರಡು ಮದುವೆಗಳಿಂದಾದ ಇಪ್ಪತ್ತನಾಲ್ಕು ಮಕ್ಕಳಲ್ಲಿ ಒಬ್ಬರು. 1911ರ ಅಕ್ಟೋಬರ್ 21ರಂದು ಕಾರ್ಲರನ್ನು ವರಿಸಿದರು. ಯುದ್ಧ ಸೋತು ಸಾಮ್ರಾಜ್ಯ ಕುಸಿದ ಮೇಲೆ 1919ರ ಮಾರ್ಚಿನಲ್ಲಿ ಐದು ಮಕ್ಕಳೊಡನೆ ಸ್ವಿಟ್ಜರ್ಲೆಂಡಿಗೆ ಹೊರಟರು. ಅಲ್ಲಿ ಮತ್ತಿಬ್ಬರು ಹುಟ್ಟಿದರು. 1921ರ ನವೆಂಬರಿನಲ್ಲಿ ದಂಪತಿಗಳನ್ನು ಅಟ್ಲಾಂಟಿಕ್ ಸಾಗರದ ಮದೀರಾ ದ್ವೀಪಕ್ಕೆ ಕಳುಹಿಸಿದಾಗ ಏಳು ಮಕ್ಕಳೂ ಸ್ವಿಟ್ಜರ್ಲೆಂಡಿನಲ್ಲಿಯೇ ಉಳಿದರು.

ಮಗ ರಾಬರ್ಟನ ಶಸ್ತ್ರಚಿಕಿತ್ಸೆಯ ನಿಮಿತ್ತ 1922ರ ಜನವರಿಯಲ್ಲಿ ಜೀಟಾ ಸ್ವಿಟ್ಜರ್ಲೆಂಡಿಗೆ ಹೋಗಿ ಬಂದರು. ಫೆಬ್ರವರಿಯಲ್ಲಿ ಮಕ್ಕಳು ದ್ವೀಪಕ್ಕೆ ಬಂದರು. ರಾಬರ್ಟ್ ಗುಣಮುಖನಾಗಿ ತುಸು ತಡವಾಗಿ ಸೇರಿಕೊಂಡ. ಹಣವಿಲ್ಲದೆ ಬೆಟ್ಟದ ಮೇಲಿನ ತಂಪು ಹಿಡಿದ ಮನೆಯಲ್ಲಿ ಎಲ್ಲರೂ ವಾಸವಾದರು. ಮಾರ್ಚಿನಲ್ಲಿ ಮಗನ ಹುಟ್ಟುಹಬ್ಬಕ್ಕೆ ಉಡುಗೊರೆ ತರಲೆಂದು ಫುಂಚಾಲ್ ಪೇಟೆಗೆ ಇಳಿದುಹೋದ ಕಾರ್ಲರಿಗೆ ನೆಗಡಿ ತಗುಲಿತು. ಅದು ನ್ಯುಮೋನಿಯಾಕ್ಕೆ ತಿರುಗಿ ಏಪ್ರಿಲ್ 1ರಂದು, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಸಾಯುವ ತಂದೆ ಹಿರಿಯ ಮಗ ಒಟ್ಟೋನನ್ನು ಹಾಸಿಗೆಯ ಬಳಿಗೆ ಕರೆಸಿಕೊಂಡಿದ್ದರು. ಕಥೋಲಿಕನೊಬ್ಬ ಮರಣವನ್ನು ಹೇಗೆ ಎದುರುಗೊಳ್ಳುತ್ತಾನೆಂಬುದನ್ನು ಮಗ ಕಾಣಲಿ ಎಂಬುದು ಅವರ ಬಯಕೆಯಾಗಿತ್ತು. ಮಕ್ಕಳು ಬಂದು ಸೇರಿದ್ದು ಫೆಬ್ರವರಿಯಲ್ಲಿ, ತಂದೆ ಅಗಲಿದ್ದು ಏಪ್ರಿಲಿನಲ್ಲಿ. ಮನೆ ಅನುಕೂಲವಾದ ಮೇಲೆ ಮಕ್ಕಳನ್ನು ಕರೆಸಿಕೊಳ್ಳೋಣ ಎಂದು ಆ ದಂಪತಿಗಳು ಕಾದಿದ್ದರೆ ಆ ಎರಡು ತಿಂಗಳುಗಳೂ ಮಕ್ಕಳಿಗೆ ದಕ್ಕುತ್ತಿರಲಿಲ್ಲ.

ಎಂಟನೆಯ ಮಗು ಎಲಿಜಬೆತ್ ಹುಟ್ಟಿದ್ದು ತಂದೆ ತೀರಿದ ಎರಡು ತಿಂಗಳ ಮೇಲೆ, ಸ್ಪೇನಿನಲ್ಲಿ. ಅಲ್ಲಿನ ಲೆಕೆಯ್ತಿಯೊ ಎಂಬ ಕಡಲತೀರದ ಊರಿನಲ್ಲಿ ಏಳು ವರ್ಷ, ಬಳಿಕ 1929ರಿಂದ ಬೆಲ್ಜಿಯಮ್ಮಿನಲ್ಲಿ, 1940ರಲ್ಲಿ ಜರ್ಮನ್ ಸೇನೆ ನುಗ್ಗಿದಾಗ ಫ್ರಾನ್ಸ್, ಸ್ಪೇನ್, ಪೋರ್ಚುಗಲ್ ಮಾರ್ಗವಾಗಿ ಅಮೆರಿಕ ಖಂಡಕ್ಕೆ – ಹೀಗೆ ಆ ಸಂಸಾರ ನಡೆಯಿತು. ದೇಶ ಬದಲಾದರೂ ಮನೆಯ ದಿನಚರಿ ಬದಲಾಗಲಿಲ್ಲ. ಪ್ರಾರ್ಥನೆಯ ಹೊತ್ತು, ಪಾಠದ ಹೊತ್ತು ನಿಗದಿಯಾಗಿದ್ದವು. ಸ್ಪೇನಿನಲ್ಲಿದ್ದರೂ ಮಕ್ಕಳು ಜರ್ಮನ್, ಹಂಗೇರಿಯನ್ ಭಾಷೆಗಳಲ್ಲಿ ತಮ್ಮ ನಾಡಿನ ಪಾಠಗಳನ್ನು ಕಲಿತರು. ಹಿರಿಯ ಮಗ ಒಟ್ಟೋ 1979ರಿಂದ 1999ರವರೆಗೆ ಯೂರೋಪಿನ ಸಂಸತ್ತಿನಲ್ಲಿ ಸದಸ್ಯರಾಗಿದ್ದರು. ಜೀಟಾ 1989ರಲ್ಲಿ ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. 2004ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಕಾರ್ಲರನ್ನು ಪುನೀತರೆಂದು ಘೋಷಿಸಿದರು. ಅವರ ಸ್ಮರಣೆಯ ದಿನ ಅಕ್ಟೋಬರ್ 21. ಅದು ಅವರ ವಿವಾಹದ ದಿನ.

ಅರಸು ಮನೆತನದ ಮಾತು ನಮಗೇಕೆ ಎಂದು ಯಾರಾದರೂ ಕೇಳಬಹುದು. ಸಿಂಹಾಸನವೂ ಹಣವೂ ಹೋದ ಮೇಲೆ ಆ ತಾಯಿಯ ಬಳಿ ಉಳಿದದ್ದು ನಮ್ಮ ಯಾವ ಮನೆಯಲ್ಲಾದರೂ ಇರಬಹುದಾದ ಮೂರು ಸಂಗತಿಗಳು: ಒಂದು ಭಾಷೆ, ಒಂದು ಪ್ರಾರ್ಥನೆ, ಒಂದು ಕಟ್ಟುನಿಟ್ಟು. ಊರಿಲ್ಲದ ಕಡೆ ಮನೆಯೇ ಊರಾಗಬೇಕಾದರೆ ಈ ಮೂರು ಬೇಕು.

ಇನ್ನು ಇಂದಿನ ವ್ಯವಹಾರದ ಮಾತು. ಹೊರಡುವ ಮುನ್ನ ಕಾನೂನನ್ನು ತಿಳಿಯದೆ ಸಹಿ ಹಾಕಬಾರದು. ಬ್ರಿಟನ್ನಿನಲ್ಲಿ 2024ರ ಮಾರ್ಚ್ 11ರಿಂದ ಆರೈಕೆ ಕೆಲಸದ ವೀಸಾ ಪಡೆದು ಹೊಸದಾಗಿ ಹೋದವರಿಗೆ ಮಡದಿ ಮಕ್ಕಳನ್ನು ಕರೆಸಿಕೊಳ್ಳುವ ಅವಕಾಶ ತಪ್ಪಿತು. ನೋಂದಾಯಿತ ನರ್ಸುಗಳಿಗೆ ಆ ನಿರ್ಬಂಧ ಅನ್ವಯಿಸಲಿಲ್ಲ. ಎರಡೂ ಆಸ್ಪತ್ರೆ, ವೃದ್ಧಾಶ್ರಮಗಳ ಕೆಲಸಗಳೇ. ಆದರೆ ಒಂದರಲ್ಲಿ ಸಂಸಾರ ಕೂಡುತ್ತದೆ, ಇನ್ನೊಂದರಲ್ಲಿ ಒಡೆಯುತ್ತದೆ. ದಲ್ಲಾಳಿ ಸಂಬಳದ ಅಂಕಿಯನ್ನು ಹೇಳುತ್ತಾನೆ, ಈ ವ್ಯತ್ಯಾಸವನ್ನು ಹೇಳದೇ ಹೋಗಬಹುದು. ಪರದೇಶದಲ್ಲಿ ಹುಟ್ಟಿದ ಮಗುವನ್ನು ಭಾರತೀಯ ಪ್ರಜೆಯಾಗಿ ಉಳಿಸಿಕೊಳ್ಳಬೇಕಾದರೆ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಜನನವನ್ನು ನೋಂದಾಯಿಸಬೇಕು. ಪ್ರತಿ ಮಗುವಿಗೂ ಬೇರೆ ಪಾಸ್‌ಪೋರ್ಟ್ ಬೇಕು.

ದೊಡ್ಡ ಸಂಸಾರವನ್ನು ಯೂರೋಪು ಮೂಗು ಮುರಿದು ನೋಡುತ್ತದೆಂಬ ಭಾವನೆ ಪೂರ್ತಿ ನಿಜವಲ್ಲ. ಜರ್ಮನಿಯಲ್ಲಿ ಮಕ್ಕಳ ಭತ್ಯೆ ಪ್ರತಿ ಮಗುವಿಗೂ ಸಲ್ಲುತ್ತದೆ. 2025ರಲ್ಲಿ ಅದು ತಿಂಗಳಿಗೆ 255 ಯೂರೋ ಇತ್ತು. ಅಲ್ಲಿನ ಸಾರ್ವಜನಿಕ ಆರೋಗ್ಯ ವಿಮೆಯಲ್ಲಿ ಮಕ್ಕಳಿಗೆಂದು ಬೇರೆ ಕಂತು ಕಟ್ಟಬೇಕಿಲ್ಲ. ಫ್ರಾನ್ಸಿನಲ್ಲಿ ಮೂರು ಅಥವಾ ಹೆಚ್ಚು ಮಕ್ಕಳಿರುವ ಸಂಸಾರಕ್ಕೆ ರೈಲು ರಿಯಾಯಿತಿಯ ಚೀಟಿ 1921ರಿಂದ ಇದೆ; ಮೂವರಿದ್ದರೆ ನೂರಕ್ಕೆ 30, ಆರು ಮತ್ತು ಮೇಲ್ಪಟ್ಟರೆ 75ರಷ್ಟು ರಿಯಾಯಿತಿ. ಕಷ್ಟ ಬೇರೆ ಕಡೆ ಇದೆ. ನಾಲ್ಕು ಮಕ್ಕಳಿರುವವರಿಗೆ ಬಾಡಿಗೆ ಮನೆ ಸಿಗುವುದು ತಡ. ಜರ್ಮನಿಯಲ್ಲಿ ಹನ್ನೆರಡು ವರ್ಷದೊಳಗಿನ, ಒಂದೂವರೆ ಮೀಟರಿಗಿಂತ ಕುಳ್ಳಗಿರುವ ಮಗುವಿಗೆ ಕಾರಿನಲ್ಲಿ ಪ್ರತ್ಯೇಕ ಆಸನ ಕಡ್ಡಾಯವಾದ್ದರಿಂದ, ನಮ್ಮಲ್ಲಿಯಂತೆ ಮಡಿಲಲ್ಲೊಬ್ಬ ಪಕ್ಕದಲ್ಲಿಬ್ಬರು ಎಂದು ಹೊರಡುವಂತಿಲ್ಲ. ಶಾಲೆ ನಡೆಯುವ ದಿನಗಳಲ್ಲಿ ಅಪ್ಪಣೆಯಿಲ್ಲದೆ ಮಕ್ಕಳನ್ನು ಊರಿಗೆ ಕರೆತಂದರೆ ದಂಡ ತೆರಬೇಕಾದೀತು. ಜಾತ್ರೆಗೋ ಮದುವೆಗೋ ಬರುವವರು ಅಲ್ಲಿನ ರಜೆಯ ಪಟ್ಟಿ ನೋಡಿಕೊಂಡೇ ಟಿಕೆಟ್ ಕೊಳ್ಳುವುದು ಲೇಸು.

ವಿಶ್ವಾಸದ ವಿಷಯದಲ್ಲಿ ಮೊದಲ ಪರೀಕ್ಷೆ ಪುರಸಭೆಯ ಕಚೇರಿಯಲ್ಲಿಯೇ ಎದುರಾಗುತ್ತದೆ. ಜರ್ಮನಿಯಲ್ಲಿ ವಿಳಾಸ ನೋಂದಾಯಿಸುವಾಗ ಧರ್ಮವನ್ನು ಕೇಳುತ್ತಾರೆ. ಕಥೋಲಿಕ ಎಂದು ಬರೆಸಿದವರು ಆದಾಯ ತೆರಿಗೆಯ ನೂರಕ್ಕೆ 8 ಅಥವಾ 9ರಷ್ಟು ಧರ್ಮಸಭೆಯ ತೆರಿಗೆ ಕಟ್ಟಬೇಕಾಗುತ್ತದೆ. ಹಣ ಉಳಿಸಲೆಂದು ಧರ್ಮವಿಲ್ಲವೆಂದು ಬರೆಸಿದ ತಂದೆ, ಮಗನ ಮೊದಲ ಪರಮಪ್ರಸಾದದ ಹೊತ್ತಿಗೆ ಗುರುಗಳ ಮುಂದೆ ಏನೆಂದು ಹೇಳಿಯಾನು? ಮಕ್ಕಳು ನಮ್ಮ ಉಪದೇಶವನ್ನು ಮರೆಯಬಹುದು, ನಾವು ಅರ್ಜಿಯಲ್ಲಿ ಬರೆದದ್ದನ್ನು ಮರೆಯುವುದಿಲ್ಲ.

ಕನ್ನಡದಲ್ಲಿ ದಿವ್ಯಬಲಿಪೂಜೆ ಅಲ್ಲಿ ನಿತ್ಯ ಸಿಗುವಂಥದಲ್ಲ. ಮಕ್ಕಳು ಆ ದೇಶದ ಭಾಷೆಯಲ್ಲಿಯೇ ಧರ್ಮೋಪದೇಶ ಕಲಿಯುತ್ತಾರೆ, ಕಲಿಯಲಿ. ಸ್ಥಳೀಯ ಧರ್ಮಕೇಂದ್ರವನ್ನು ತಮ್ಮದಾಗಿಸಿಕೊಂಡ ಸಂಸಾರ ಒಂಟಿಯಾಗುವುದಿಲ್ಲ. ಪೀಠಸೇವೆಗೆ ನಿಂತ ಮಗ, ಗಾಯನವೃಂದದಲ್ಲಿ ಹಾಡುವ ಮಗಳು ತಂದೆತಾಯಿಯರಿಗೂ ನೆಂಟಸ್ತಿಕೆ ಬೆಳೆಸಿ ಕೊಡುತ್ತಾರೆ. ಆದರೆ ಸಂಜೆಯ ಜಪಸರ ಮನೆಯ ಭಾಷೆಯಲ್ಲಿರಲಿ. ಮಗು ಪ್ರಾರ್ಥಿಸುವ ಭಾಷೆ ಸುಲಭವಾಗಿ ಸಾಯುವುದಿಲ್ಲ. 1983ರಲ್ಲಿ ಹುಟ್ಟಿದ ಯು.ಕೆ. ಕನ್ನಡ ಬಳಗದಂಥ ಸಂಘಗಳ ನೆರವನ್ನೂ ಪಡೆಯಬಹುದು.

ಮಕ್ಕಳು ಹೆಚ್ಚಿರುವುದು ಅಲ್ಲಿ ಭಾರವೆನಿಸಿದರೂ ಅದೇ ಬಲವೂ ಆಗುತ್ತದೆ. ಶಾಲೆಯಲ್ಲಿ ಬಣ್ಣವನ್ನೋ ಹೆಸರನ್ನೋ ಹಿಡಿದು ಯಾರಾದರೂ ಅಣಕಿಸಿದ ದಿನ ತಮ್ಮನಿಗೆ ಅಣ್ಣನಿರುತ್ತಾನೆ. ಪಾಠ ಹೇಳಿಕೊಡಲು ಅಕ್ಕನಿರುತ್ತಾಳೆ. ಕನ್ನಡ ಮಾತಾಡಲು ಮನೆಯಲ್ಲಿಯೇ ಜೊತೆಗಾರರಿರುತ್ತಾರೆ. ಒಂದು ಎಚ್ಚರಿಕೆ ಮಾತ್ರ ಬೇಕು: ಹಿರಿಯ ಮಗಳನ್ನು ಸಂಬಳವಿಲ್ಲದ ಆಯಾ ಮಾಡಬಾರದು. ತಾಯಿ ರಾತ್ರಿ ಪಾಳಿಗೆ ಹೋದಾಗ ಅಡಿಗೆಯೂ ಕೂಸೂ ಅವಳ ಪಾಲಿಗೆ ಬಿದ್ದರೆ ಅವಳ ಓದು ಸೊರಗುತ್ತದೆ. ಆ ಹೊತ್ತಿನಲ್ಲಿ ತಂದೆ ಸೌಟು ಹಿಡಿಯಲಿ. ನಜರೇತಿನ ಮನೆಯ ಯಜಮಾನ ದುಡಿಮೆಗೆ ನಾಚಿದವರಲ್ಲ.

ಎಲ್ಲರನ್ನೂ ಒಮ್ಮೆಗೇ ಕರೆದೊಯ್ಯಲು ಆಗದ ಸಂಸಾರಗಳೂ ಇವೆ. ಸಾಲವಿರುತ್ತದೆ, ಭಾಷೆಯ ಪರೀಕ್ಷೆ ಮುಗಿದಿರುವುದಿಲ್ಲ, ಮನೆ ಸಿಕ್ಕಿರುವುದಿಲ್ಲ. ಅಂಥವರನ್ನು ನಾವು ದೂರುವುದಿಲ್ಲ. ಅವರಲ್ಲಿ ಬೇಡುವುದು ಇಷ್ಟೇ: ಮಕ್ಕಳಿಗೆ ಒಂದು ತಿಂಗಳನ್ನು ಹೆಸರಿಸಿ ಹೇಳಿ, ಆ ತಿಂಗಳಿಗೆ ಕರೆಸಿಕೊಳ್ಳಿ. ಇನ್ನಷ್ಟು ಗಳಿಸಿ ಸೈಟು ಕೊಂಡ ಮೇಲೆ, ಮನೆ ಕಟ್ಟಿದ ಮೇಲೆ ಎಂದು ವರ್ಷಗಳನ್ನು ಮುಂದೂಡಿದರೆ, ಮನೆ ಎದ್ದು ನಿಲ್ಲುವ ಹೊತ್ತಿಗೆ ಅದರಲ್ಲಿ ಆಡಬೇಕಾದ ವಯಸ್ಸು ಮಕ್ಕಳಿಗೆ ಮುಗಿದಿರುತ್ತದೆ.

ಕೊನೆಯ ಮಾತು ಊರಿನಲ್ಲಿ ಉಳಿದ ಅಜ್ಜ ಅಜ್ಜಿಯರಿಗೆ. ಮೊಮ್ಮಕ್ಕಳಲ್ಲಿ ಒಬ್ಬನನ್ನಾದರೂ ನಮ್ಮ ಬಳಿ ಬಿಟ್ಟು ಹೋಗಿ ಎಂದು ಬೇಡುವ ನಿಮ್ಮ ಕರುಳನ್ನು ನಾವು ಬಲ್ಲೆವು. ಆದರೂ ಆ ಮಗುವನ್ನು ಅಣ್ಣತಮ್ಮಂದಿರಿಂದ ಬೇರ್ಪಡಿಸಬೇಡಿ. ಭಾನುವಾರ ಸಂಜೆ ಫೋನಿನಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿ, ಹೆಸರು ಹಿಡಿದು ಕರೆಯಿರಿ, ಜೊತೆಯಲ್ಲಿ ಜಪಸರದ ಒಂದು ಹತ್ತನ್ನಾದರೂ ಹೇಳಿರಿ, ಬಿಳಿಚೋಡಿನಲ್ಲಿ ಮಳೆ ಬಂತೋ ಇಲ್ಲವೋ ತಿಳಿಸಿರಿ. ಊರು ಮಾಡುತ್ತಿದ್ದ ಅರ್ಧ ಕೆಲಸದಲ್ಲಿ ನಿಮ್ಮ ಪಾಲು ಇಷ್ಟು ದೂರದಿಂದಲೂ ಸಲ್ಲುತ್ತದೆ. ಕ್ರಿಸ್ತ ಜಯಂತಿಯ ಬಳಿಕ ಬರುವ ಪವಿತ್ರ ಕುಟುಂಬದ ಹಬ್ಬದಂದು, ಪರದೇಶದಲ್ಲಿ ಮಕ್ಕಳೊಡನೆ ಬಾಳುವವರನ್ನೂ ಮಕ್ಕಳಿಂದ ದೂರವಾಗಿ ದುಡಿಯುವವರನ್ನೂ ನಮ್ಮ ಧರ್ಮಕೇಂದ್ರಗಳು ಹೆಸರಿಸಿ ಪ್ರಾರ್ಥಿಸಲಿ.